ಹತ್ತು ಕಿಲೋ ಮೀರಿದ ಮಗು

ಮುಳ್ಳು ಎರಡು ಸಲ ತಲೆಯಾಡಿಸಿ ಒಂಬತ್ತು ಕಿಲೋ ಏಳುನೂರರ ಗೆರೆಯ ಮೇಲೆ ನಿಂತಿತು. ಅವನು ಮಂಡಿಯೂರಿ, ಕಚೇರಿಯಲ್ಲಿ ಹೊಸಬರಿಗೆ ಹೇಳಿಕೊಡುವ ಹಾಗೆಯೇ ಕಣ್ಣನ್ನು ಮುಳ್ಳಿನ ನೇರಕ್ಕೆ ತಂದು ಇನ್ನೊಮ್ಮೆ ಓದಿದ. ಒಂಬತ್ತು ಏಳುನೂರು. ತಕ್ಕಡಿಯ ಮೇಲೆ ಮಗಳು ಉಸಿರು ಬಿಗಿಹಿಡಿದು ನಿಂತಿದ್ದಳು. ಎರಡು ವರ್ಷದ ಆ ಜೀವ ಇಡೀ ದಿನದಲ್ಲಿ ಅಲುಗಾಡದೆ ನಿಲ್ಲುತ್ತಿದ್ದುದು ಇದೊಂದೇ ಗಳಿಗೆ. “ಮುಳ್ಳು ಜೋಜೋ ಮಾಡ್ಲಿ” ಅಂದರೆ ಸಾಕು, ನಿಲ್ಲುತ್ತಿದ್ದಳು. ಅದೂ ಅವನು ಅಂದರೆ ಮಾತ್ರ.

“ಎಷ್ಟು ಬಂತು?” ಒಳಕೋಣೆಯಿಂದ ಹೆಂಡತಿ ಕೇಳಿದಳು.

“ಹತ್ತು ನಾನೂರು.”

“ಇವತ್ತೂನಾ?”

“ನಾನೇನು ಮಾಡ್ಲಿ? ಮುಳ್ಳಿಗೆ ನಾನು ಹೇಳಿಕೊಡಕ್ಕಾಗುತ್ತಾ?” ಅಂದ. ಅಂದ ಮೇಲೆ, ಇಷ್ಟು ಮಾತು ಬೇಕಿರಲಿಲ್ಲ ಅನ್ನಿಸಿತು. ಕಳ್ಳ ತೂಕದ ಅಂಗಡಿಯವರು ಯಾವಾಗಲೂ ಒಂದು ಮಾತು ಹೆಚ್ಚು ಆಡುತ್ತಾರೆ. ಹದಿಮೂರು ವರ್ಷದಿಂದ ತೂಕ-ಅಳತೆ ಕಚೇರಿಯಲ್ಲಿ ಇನ್ಸ್ಪೆಕ್ಟರಾಗಿದ್ದವನಿಗೆ ಅಷ್ಟು ಗೊತ್ತಿತ್ತು.

ಹೊಟ್ಟೆಯ ಆಪರೇಷನ್ ಆಗಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಅವಳು ಮನೆಗೆ ಬಂದು ಐದು ವಾರವಾಗಿತ್ತು. ಹೊಲಿಗೆ ನೋಡಲು ವಾರಕ್ಕೊಮ್ಮೆ ಬರುವ ನರ್ಸಮ್ಮ ಕಳೆದ ಸೋಮವಾರ, “ಇನ್ಮೇಲೆ ಹತ್ತು ಕೆಜಿ ಒಳಗಿಂದು ಏನಾದ್ರೂ ಎತ್ತಬಹುದಮ್ಮ. ಹತ್ತು ದಾಟಿದ್ರೆ ಬೇಡ, ಇನ್ನೊಂದು ತಿಂಗಳು ತಡ್ಕೊಳ್ಳಿ” ಎಂದು ಹೇಳಿ, ಕೈ ತೊಳೆದುಕೊಂಡು ಹೋಗಿದ್ದರು. ಬೇರೆ ಮನೆಯಾಗಿದ್ದರೆ ಆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಹತ್ತು ಅಂದರೆ ಸುಮಾರು ಹತ್ತು ಎಂದುಕೊಂಡು ಯಾವ ತಾಯಿಯಾದರೂ ಆವತ್ತೇ ಮಗುವನ್ನು ಬಾಚಿಕೊಳ್ಳುತ್ತಿದ್ದಳು. ಆದರೆ ಈ ಮನೆಯಲ್ಲಿ ಸುಮಾರು ಎಂಬ ಮಾತಿಗೆ ಜಾಗವಿರಲಿಲ್ಲ. ಅವನದು ತಕ್ಕಡಿಗಳಿಗೆ ಮುದ್ರೆ ಒತ್ತುವ ಕೆಲಸ. ಅವಳದು ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೂಗುವ ಕೆಲಸ. ಅವರ ಪರಿಚಯವಾದದ್ದೂ ಹಾಗೆಯೇ. ಅವಳ ಕೌಂಟರಿನ ತಕ್ಕಡಿ ಪರೀಕ್ಷಿಸಲು ಹೋದವನಿಗೆ ಅವಳು ಒಂದು ಪೊಟ್ಟಣವನ್ನು ಅಂಗೈಯಲ್ಲಿ ಎರಡು ಸಲ ಮೇಲೆ ಕೆಳಗೆ ಮಾಡಿ, “ಒಂದು ಕಿಲೋ ಮುನ್ನೂರು, ಬೇಕಾದ್ರೆ ನೋಡ್ಕೊಳ್ಳಿ ಸಾರ್” ಅಂದಿದ್ದಳು. ನೋಡಿದ. ಒಂದು ಮುನ್ನೂರ ಇಪ್ಪತ್ತು. ಆ ಇಪ್ಪತ್ತು ಗ್ರಾಮಿನ ನೆಪದಲ್ಲಿ ಮತ್ತೆ ಮೂರು ಸಲ ಆ ಕೌಂಟರಿಗೆ ಹೋಗಿದ್ದ. ಹಾಗಾಗಿ ನರ್ಸಮ್ಮ ಹತ್ತು ಅಂದರೆ ಹತ್ತೇ. “ಹಾಗಾದ್ರೆ ದಿನಾ ಬೆಳಿಗ್ಗೆ ತೂಗಿ ಹೇಳಿ,” ಎಂದು ಹೆಂಡತಿ ಅವನ ಮೇಲೆ ನಂಬಿಕೆಯಿಟ್ಟು ಹೇಳಿದ್ದಳು. ಆವತ್ತು ನಿಜವಾಗಿಯೂ ಹತ್ತರ ಮೇಲೆ ನೂರು ಇತ್ತು. ನೂರೇ ಗ್ರಾಮು. ಅದನ್ನು ಕೂಗಿ ಹೇಳುವಾಗ ತನ್ನ ದನಿಯಲ್ಲಿದ್ದ ಹಿಗ್ಗು ಅವನಿಗೇ ಕೇಳಿಸಿ, ಗಾಬರಿಯಾಗಿತ್ತು. ಮರುದಿನದಿಂದ ಮಗುವಿಗೆ ನೆಗಡಿ ಹಿಡಿದು, ಹಾಲನ್ನೂ ತಳ್ಳಿ, ಮುಳ್ಳು ಇಳಿಯತೊಡಗಿತು. ಅವನ ಬಾಯಲ್ಲಿ ಮಾತ್ರ ಅದು ಏರುತ್ತಲೇ ಹೋಯಿತು.

ಬುಗುರಿ ಆಗಲೇ ತಕ್ಕಡಿಯಿಂದ ಜಿಗಿದು ಓಡಿದ್ದಳು. ಅವಳಿಗೆ ಆ ಹೆಸರಿಟ್ಟವನು ಅವನೇ. ಓಡಿದ ಕಡೆಗೆಲ್ಲ ಒಂದೊಂದು ವಸ್ತು ಬೀಳುತ್ತಿತ್ತು: ಮೊದಲು ಕೊಡೆ, ಆಮೇಲೆ ಚಪ್ಪಲಿ ಗೂಡಿನ ಬಾಗಿಲು, ಕೊನೆಗೆ ಅಡುಗೆಮನೆಯಿಂದ ಸ್ಟೀಲ್ ಡಬ್ಬಿಯ ಮುಚ್ಚಳ ಉರುಳಿ, ಸುತ್ತಿ ಸುತ್ತಿ, ನಿಂತ ಸದ್ದು. “ಕೈಗೆ ಸಿಕ್ಕೋ ಹಾಗೆ ಇಡಬೇಡಿ ಅಂದಿದ್ದೆನಲ್ಲ,” ಒಳಗಿನಿಂದ ಮಾತು ಬಂತು. ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಐದು ವಾರದಿಂದ ಮಂಚದ ಮೇಲೆ ಮಲಗಿಯೇ ಅವಳು ಇಡೀ ಮನೆಯನ್ನು ಕಿವಿಯಿಂದ ನಡೆಸುತ್ತಿದ್ದಳು. ಯಾವ ನಲ್ಲಿ, ಯಾವ ಡಬ್ಬಿ, ಯಾವ ಲೋಟ, ಎಲ್ಲ ಸದ್ದಿನಲ್ಲೇ ಗೊತ್ತಾಗುತ್ತಿತ್ತು. “ಅದಲ್ಲ, ನೀಲಿ ಲೋಟ. ಅದರಲ್ಲಾದ್ರೆ ಕುಡೀತಾಳೆ.” ಇಲ್ಲ, ಈಗ ಕುಡಿಯುವುದಿಲ್ಲ, ಈಗ ಅವಳಿಗೆ ನನ್ನ ಚಹಾ ಲೋಟವೇ ಬೇಕು, ನಿನಗೆ ಗೊತ್ತಿಲ್ಲ ಎಂದು ಅವನ ನಾಲಿಗೆಯ ತುದಿಗೆ ಬರುತ್ತಿತ್ತು. ನಿನಗೆ ಗೊತ್ತಿಲ್ಲ ಎಂಬ ಆ ಎರಡು ಪದಗಳಲ್ಲಿ ಎಂಥ ರುಚಿ! ಎರಡು ವರ್ಷ ಅದನ್ನು ಅವನು ಕೇಳಿಸಿಕೊಂಡಿದ್ದ. ತಿಂಗಳಲ್ಲಿ ಹದಿನೈದು ದಿನ ಸಂತೆ, ಗೋದಾಮು, ಪೆಟ್ರೋಲ್ ಬಂಕು ಎಂದು ಸುತ್ತಿ ಮನೆಗೆ ಬಂದರೆ, ಮಗು ತಾಯಿಯ ಹೆಗಲ ಮೇಲಿನಿಂದ ಅವನನ್ನು ಬಿಲ್ ವಸೂಲಿಗೆ ಬಂದವನ ಹಾಗೆ ನೋಡುತ್ತಿತ್ತು. ಎತ್ತಿಕೊಳ್ಳಲು ಹೋದರೆ, “ಹಾಗಲ್ಲ, ಕತ್ತಿಗೆ ಕೈ ಕೊಡಿ. ಬಿಡಿ, ನಿಮಗೆ ಗೊತ್ತಾಗಲ್ಲ.” ತನ್ನ ಮನೆಯಲ್ಲೇ ನೆಂಟನಾಗಿದ್ದ.

ಹೆಂಡತಿ ಆಸ್ಪತ್ರೆ ಸೇರಿದ ಮೊದಲ ಸಂಜೆ ಮಗು ಮನೆಯ ಬಾಗಿಲಿಗೆ ಹಣೆಯಿಟ್ಟು ಅತ್ತದ್ದು ನೆನಪಾಯಿತು. ಎರಡನೆಯ ದಿನವೂ ಅತ್ತಿತು. ಮೂರನೆಯ ದಿನ ಅತ್ತು ಸುಸ್ತಾಗಿ ಅವನ ಅಂಗಿಯ ಕಾಲರನ್ನು ಮುಷ್ಟಿಯಲ್ಲಿ ಹಿಡಿದು, ಅದರ ತುದಿಯನ್ನು ಬಾಯಿಗಿಟ್ಟುಕೊಂಡು ಮಲಗಿತು. ಅವನು ಎರಡು ಗಂಟೆ ಕುರ್ಚಿಯಿಂದ ಏಳಲಿಲ್ಲ. ಕಾಲು ಜೋಮು ಹಿಡಿದಿತ್ತು. ಅದೇ ಹೊತ್ತಿಗೆ ಊರಿನ ಇನ್ನೊಂದು ತುದಿಯಲ್ಲಿ ಅವಳ ಹೊಟ್ಟೆಗೆ ನಳಿಕೆ ಹಾಕಿದ್ದರು. ಅದು ಅವನಿಗೆ ಮರೆತೇಹೋಗಿತ್ತು. ನೆನಪಾದಾಗ ನಾಚಿಕೆಯಾಯಿತು, ಆದರೆ ನಾಚಿಕೆಗಾಗಿ ಅವನು ಅಂಗಿಯನ್ನು ಬಿಡಿಸಿಕೊಳ್ಳಲಿಲ್ಲ. ಅವಳು ಮನೆಗೆ ಬಂದ ದಿನ, ಸೊರಗಿ, ತನ್ನ ಅಕ್ಕನ ಹೆಗಲು ಹಿಡಿದು ಮೆಟ್ಟಿಲು ಹತ್ತಿ, “ಬಾ ಕಂದಾ” ಎಂದು ಕೈಚಾಚಿದಾಗ ಬುಗುರಿ ಅವನ ಕಾಲುಗಳ ಹಿಂದೆ ಅಡಗಿದಳು. “ಮರೆತುಬಿಟ್ಟಿದ್ದಾಳೆ ಅಷ್ಟೆ, ಸರಿಹೋಗ್ತಾಳೆ,” ಎಂದು ಅವನೇ ಸಮಾಧಾನ ಹೇಳಿದ್ದ. ಹೇಳುತ್ತ ಮಗುವಿನ ತಲೆಯ ಮೇಲೆ ಕೈಯಿಟ್ಟಿದ್ದ, ಮೇಜಿನ ಮೇಲಿನ ತನ್ನ ಫೈಲಿನ ಮೇಲೆ ಇಡುವ ಹಾಗೆ.

ಸರಿಹೋಗಲು ಬುಗುರಿಗೆ ಎರಡೇ ದಿನ ಹಿಡಿಯಿತು. ಮೂರನೆಯ ದಿನ ಪಾತ್ರೆ ತೊಳೆಯುತ್ತಿದ್ದವನಿಗೆ ಕೋಣೆಯಿಂದ ನಗು ಕೇಳಿಸಿತು. ಕೇಕೆ ಹಾಕುವ, ಉಸಿರು ಸಿಕ್ಕಿಹಾಕಿಕೊಳ್ಳುವ ನಗು. ತನ್ನ ಹತ್ತಿರ ಅವಳು ಹಾಗೆ ನಕ್ಕಿರಲಿಲ್ಲ. ಸೋಪಿನ ಕೈಯಲ್ಲೇ ಹೋಗಿ ಇಣುಕಿದ. ಹೆಂಡತಿ ಹೊದಿಕೆಯೊಳಗೆ ಮಂಡಿ ಎತ್ತಿ ಗುಡ್ಡ ಮಾಡಿದ್ದಳು. ಬುಗುರಿ ಬಟ್ಟೆಯ ಕ್ಲಿಪ್ಪೊಂದನ್ನು ಆ ಗುಡ್ಡ ಹತ್ತಿಸಿ ಜಾರಿಸುತ್ತಿದ್ದಳು. ಇಷ್ಟೇ. ಅವನು ಹನ್ನೊಂದು ದಿನ ಕುದುರೆಯಾಗಿದ್ದ, ಆನೆಯಾಗಿದ್ದ, ಹಾಡು ಬಾರದವನು ಹಾಡಿದ್ದ. ಅವಳು ಮಲಗಿದಲ್ಲೇ ಮಂಡಿ ಎತ್ತಿದಳು, ಅಷ್ಟಕ್ಕೇ ಎಲ್ಲ ವಾಪಸು ಹೋಯಿತು. “ಹುಷಾರು, ಹೊಲಿಗೆ!” ಎಂದು ಅವನು ಕೂಗಿದ ರಭಸಕ್ಕೆ ಮಗು ಬೆಚ್ಚಿ ಕ್ಲಿಪ್ಪು ಬೀಳಿಸಿತು. ಆವತ್ತು ಮಧ್ಯಾಹ್ನವೇ ಅವನು, ತಪ್ಪು ತೂಕದ ತಕ್ಕಡಿಗಳ ಮೇಲೆ ಗುರುತು ಹಾಕುವ ಕಚೇರಿಯ ಸೀಮೆಸುಣ್ಣ ತಂದು, ಮಂಚದ ಸುತ್ತ ಒಂದು ಗೆರೆ ಎಳೆದ. “ಇದರ ಈಚೆ ನಿಂತ್ಕೋ. ಅಮ್ಮಂಗೆ ಉಫ್ ಇದೆ.” ಅವಳು ಕಲಿತಳು. ಓಡಿಬಂದು ಗೆರೆಯ ಮೇಲೆ ಹೆಬ್ಬೆರಳಿಟ್ಟು ಗಕ್ಕನೆ ನಿಂತು, “ಉಫ್” ಅನ್ನುತ್ತಿದ್ದಳು. ಹೆಂಡತಿ ಅಕ್ಕನ ಹತ್ತಿರ ಫೋನಿನಲ್ಲಿ, “ನಮ್ಮನೆಯವರು ನನ್ನ ಕಾಯೋದು ನೋಡಿದ್ರೆ ಬ್ಯಾಂಕಿನ ತಿಜೋರಿ ಕಾದ ಹಾಗಿದೆ ಕಣೇ,” ಎಂದು ನಗುತ್ತ ಹೇಳಿದ್ದನ್ನು ಕೇಳಿದ್ದ. ಯಾರನ್ನು ಯಾರಿಂದ ಕಾಯುತ್ತಿದ್ದೇನೆಂದು ಅವಳಿಗೆ ತಿಳಿದಿಲ್ಲವಲ್ಲ ಎಂದುಕೊಂಡಿದ್ದ.

ಅವನ ರಜೆ ಸೋಮವಾರಕ್ಕೆ ಮುಗಿಯುತ್ತಿತ್ತು, ಇದು ಶನಿವಾರ. ಅವಳು ಒಮ್ಮೆ ಎತ್ತಿಕೊಂಡಳೆಂದರೆ ಮುಗಿಯಿತು. ಎತ್ತಿಕೊಂಡವಳು ಇಳಿಸುವವಳಲ್ಲ. ಎತ್ತದಿದ್ದರೆ ಇನ್ನೊಂದು ತಿಂಗಳು ರಜೆ ಕೇಳಬಹುದು. ಅರ್ಜಿ ಬರೆದು ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಇದ್ದ. ‘ಪತ್ನಿಯ ಅನಾರೋಗ್ಯದ ನಿಮಿತ್ತ’ ಎಂದು ಬರೆಯುವಾಗ ಕೈ ಒಂದು ಕ್ಷಣ ನಿಂತಿತ್ತು. ಅವಳು ಗುಣವಾಗಬಾರದೆಂದು ಅವನು ಎಂದೂ ಬಯಸಿರಲಿಲ್ಲ. ಬಯಸಿದ್ದನೇ? ಹೊಲಿಗೆ ಒಣಗಿದೆ ಎಂದು ನರ್ಸಮ್ಮ ಹೇಳಿದಾಗ ತನ್ನೊಳಗೆ ಏನು ಕುಸಿಯಿತು ಎಂದು ಅವನು ಬಾತ್ರೂಮಿನಲ್ಲಿ ನಿಂತು ಪ್ರಾಮಾಣಿಕವಾಗಿ ಕೇಳಿಕೊಂಡಿದ್ದ. ಉತ್ತರ ಬರುವ ಮೊದಲೇ ನಲ್ಲಿ ತಿರುಗಿಸಿದ್ದ.

ಹತ್ತೂವರೆಗೆ ಬಾಳೆಹಣ್ಣು ಹಿಸುಕಿ ತಿನ್ನಿಸುವಾಗ ಬುಗುರಿ ಮೂರು ತುತ್ತು ತಿಂದು ನಾಲ್ಕನೆಯದನ್ನು ಅವನ ಕನ್ನಡಕಕ್ಕೆ ಬಳಿದಳು. ಅವನು ಕನ್ನಡಕ ಒರೆಸಿಕೊಳ್ಳುತ್ತಿದ್ದಾಗ, ಮಸುಕು ಮಸುಕಾಗಿ, ಬಾಗಿಲಲ್ಲಿ ಯಾರೋ ನಿಂತಂತೆ ಕಂಡಿತು. ಹೆಂಡತಿ. ಗೋಡೆ ಹಿಡಿಯದೆ ನಿಂತಿದ್ದಳು. ತಲೆ ಬಾಚಿಕೊಂಡಿದ್ದಳು.

“ಯಾಕೆ ಎದ್ದೆ? ಕರೆಯಬಾರದಿತ್ತಾ?”

“ತಕ್ಕಡಿ ಇಲ್ಲಿ ತನ್ನಿ.”

“ಬೆಳಿಗ್ಗೆ ತೂಗಿದೆನಲ್ಲ.”

“ನಾನು ನೋಡಲಿಲ್ಲವಲ್ಲ. ತನ್ನಿ, ಒಂದು ಸಲ ನನ್ನ ಕಣ್ಣೆದುರು ತೂಗಿ. ನಾನಿಲ್ಲಿ ಕೂತ್ಕೋತೀನಿ.” ಅವಳು ಕುರ್ಚಿ ಎಳೆದುಕೊಂಡು, ಹೊಟ್ಟೆಗೆ ಅಂಗೈ ಒತ್ತಿ, ಮೆಲ್ಲಗೆ ಕುಳಿತಳು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಕೌಂಟರಿನ ಹಿಂದೆ ಕುಳಿತಾಗಿನ ಮುಖ ಅದು. “ಈಗ ತಾನೇ ತಿಂದಿದ್ದಾಳೆ, ತೂಕ ಸರಿಯಾಗಿ ಬರಲ್ಲ,” ಅಂದ. “ಮೂರು ತುತ್ತು ಬಾಳೆಹಣ್ಣು ಎಷ್ಟಿದ್ದೀತು, ಕಳೆದುಬಿಡೋಣ,” ಅಂದಳು.

ಅವನು ತಕ್ಕಡಿ ತಂದಿಟ್ಟ. ಕಾಲಿನಡಿ ನೆಲ ಮಟ್ಟವಾಗಿದೆಯೇ ಎಂದು ಅಭ್ಯಾಸಬಲದಿಂದ ಅಂಗೈ ಸವರಿ ನೋಡಿದ. ಹೋದ ವರ್ಷ ಧಾನ್ಯದಂಗಡಿಯ ಒಬ್ಬ ಮುದುಕನನ್ನು ಹಿಡಿದಿದ್ದ. ತಟ್ಟೆಯ ಅಂಚಿಗೆ ಕಿರುಬೆರಳು, ನೊಣ ಕೂತಷ್ಟು ಹಗುರಾಗಿ. ಮುದುಕ ಜಗಳವಾಡಲಿಲ್ಲ, ಕಾಲಿಗೂ ಬೀಳಲಿಲ್ಲ. ತನ್ನ ಬೆರಳನ್ನೇ ನೋಡಿಕೊಂಡು, “ತಾನಾಗೇ ಹೋಗುತ್ತೆ ಸಾರ್,” ಅಂದಿದ್ದ. ಎಂಥ ನಾಚಿಕೆಗೆಟ್ಟ ಮಾತು ಎಂದು ಕಚೇರಿಯಲ್ಲಿ ಎಲ್ಲರಿಗೂ ಹೇಳಿ ನಗಿಸಿದ್ದ. ಬುಗುರಿ ತಕ್ಕಡಿ ಏರಿದಳು. “ಮುಳ್ಳು ಜೋಜೋ,” ತಾನೇ ಹೇಳಿಕೊಂಡು ಉಸಿರು ಕಟ್ಟಿದಳು. ಅವನು ಅವಳ ಹಿಂದೆ, ಬೀಳದಂತೆ ಹಿಡಿಯುವವನ ಹಾಗೆ, ಹತ್ತಿರ ನಿಂತ. ಹೆಂಡತಿ ಕುರ್ಚಿಯಿಂದ ಮುಂದಕ್ಕೆ ಬಾಗಿದಳು. ಮುಳ್ಳು ತಲೆಯಾಡಿಸಿತು. ಆಗ ಅವನ ಬಲಗಾಲಿನ ಹೆಬ್ಬೆರಳು ತಕ್ಕಡಿಯ ಹಿಂದಿನ ಅಂಚಿನ ಮೇಲೆ ಇತ್ತು. ಅದನ್ನು ಅಲ್ಲಿಗೆ ಒಯ್ದದ್ದು ಅವನಿಗೆ ಗೊತ್ತಾಗಲಿಲ್ಲ, ಒತ್ತಿದ್ದು ಗೊತ್ತಾಯಿತು. ಎಷ್ಟು ಒತ್ತಬೇಕೆಂಬುದೂ ಬೆರಳಿಗೆ ಗೊತ್ತಿತ್ತು. ಮುಳ್ಳು ಹತ್ತು ದಾಟಿ ಮುನ್ನೂರರ ಮೇಲೆ ನಡುಗುತ್ತ ನಿಂತಿತು.

“ನೋಡು,” ಅಂದ.

ಬುಗುರಿ ತಲೆ ಬಗ್ಗಿಸಿ ತನ್ನ ಎರಡು ಕಾಲುಗಳ ಪಕ್ಕ ಬಂದಿದ್ದ ಮೂರನೆಯದನ್ನು ನೋಡಿದಳು. ಅವಳಿಗೆ ಎಲ್ಲಿಲ್ಲದ ಸಂತೋಷವಾಯಿತು. “ಅಪ್ಪ ಕಾಲು!” ಎಂದು ಕಿರುಚಿದಳು. “ಅಪ್ಪ ಬಾ! ಅಪ್ಪ ಜೋಜೋ!” ಅವನನ್ನೂ ಆಟಕ್ಕೆ ಸೇರಿಸಿಕೊಳ್ಳಲು ಬಗ್ಗಿ ಆ ಹೆಬ್ಬೆರಳನ್ನು ಎರಡೂ ಕೈಯಿಂದ ಹಿಡಿದು ಎಳೆದಳು. ಅವನು ಕಾಲು ಹಿಂದಕ್ಕೆಳೆದುಕೊಂಡ. ಮುಳ್ಳು ಸರ್ರನೆ ಇಳಿದು ಒಂಬತ್ತು ಎಂಟುನೂರಕ್ಕೆ ಬಂತು.

ಹೆಂಡತಿ ಮುಳ್ಳನ್ನು ನೋಡಲಿಲ್ಲ, ಅವನ ಕಾಲನ್ನೂ ನೋಡಲಿಲ್ಲ. ಮಗುವಿನ ಸೊರಗಿದ ಮಣಿಕಟ್ಟನ್ನು ನೋಡುತ್ತಿದ್ದಳು.

“ಐದು ದಿನದಿಂದ ಮೂಗು ಸೋರ್ತಿದೆ, ಒಂದು ಲೋಟ ಹಾಲು ಪೂರ್ತಿ ಕುಡಿದಿಲ್ಲ,” ಅಂದಳು. “ತೂಕ ಮಾತ್ರ ದಿನಾ ಏರ್ತಾ ಇದೆ. ಪಾರ್ಸೆಲ್ ಆಗಿದ್ರೆ ಮೊದಲನೇ ದಿನವೇ ಬಿಚ್ಚಿ ನೋಡ್ತಿದ್ದೆ. ನನ್ನ ಗಂಡ ಹೇಳಿದ್ದು ಅಂತ ಬಿಟ್ಟೆ.”

“ನಿನಗೆ ಏನಾದ್ರೂ ಆದ್ರೆ ಅಂತ, ಹೊಲಿಗೆ ಬಿಟ್ಟುಕೊಂಡ್ರೆ...”

“ರೀ.” ಅವಳು ಅಷ್ಟೇ ಅಂದಳು. ಆಮೇಲೆ, “ಅದು ಬೇಡ. ಬೇರೆ ಏನಾದ್ರೂ ಹೇಳಿ.”

ಹೇಳಲು ಬಾಯಿ ತೆರೆದ. ಇಡೀ ವಾಕ್ಯ ಒಳಗೆ ಸಿದ್ಧವಾಗಿತ್ತು: ನೀನು ಬಂದ ಮೇಲೆ ಅವಳು ನನ್ನ ಕಾಲರ್ ಹಿಡಿಯಲ್ಲ, ನೀನು ಸುಮ್ಮನೆ ಮಲಗಿದ್ರೂ ನಗ್ತಾಳೆ, ನನಗೆ ಇನ್ನೊಂದು ತಿಂಗಳು ಕೊಡು. ಸಂಜೆ ಕಾಲೇಜಿನಲ್ಲಿ ಓದಿ, ದೊಡ್ಡ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದ ಮನುಷ್ಯನ ಬಾಯಿಂದ ಬಂದದ್ದು ಮಾತ್ರ, “ತಾನಾಗೇ ಹೋಯ್ತು,” ಎಂಬ ಮಾತು.

ಅವಳು ನಕ್ಕಳು. ನಗುವಾಗ ಹೊಟ್ಟೆ ಹಿಡಿದುಕೊಳ್ಳಬೇಕಾಯಿತು. “ಎಷ್ಟು ಜನರಿಗೆ ದಂಡ ಹಾಕಿದ್ದೀರ್ರೀ ನೀವು?” ನಗು ನಿಂತ ಮೇಲೆ ಕಣ್ಣು ಒರೆಸಿಕೊಂಡಳು, ಅದು ನಗೆಯ ನೀರೋ ಅಲ್ಲವೋ ಅವನಿಗೆ ತಿಳಿಯಲಿಲ್ಲ. “ಅಲ್ಲಿ ಬಿದ್ಕೊಂಡು ನಿಮ್ಮಿಬ್ಬರ ಸದ್ದು ಕೇಳ್ತಾ ಕೇಳ್ತಾ ನನಗೇನಾಗ್ತಿತ್ತು ಗೊತ್ತಾ? ನೀವು ಅವಳಿಗೆ ಸ್ನಾನ ಮಾಡಿಸೋವಾಗ ಬಾಗಿಲು ಹಾಕ್ಕೋತಿದ್ರಿ. ನಿಮ್ಮಿಬ್ಬರ ಆಟದ ಸದ್ದೂ ನನಗೆ ಕೇಳಿಸಬಾರದಾ ಅಂತ...” ಕುರ್ಚಿಯಲ್ಲಿ ಬೆನ್ನು ನೇರ ಮಾಡಿಕೊಂಡಳು. “ಕೊಡಿ ಅವಳನ್ನ. ನಾನು ಬಗ್ಗಲ್ಲ. ನೀವೇ ಎತ್ತಿ ಕೊಡಿ.”

ಅವನು ಬುಗುರಿಯನ್ನು ಎತ್ತಿಕೊಂಡ. ತಕ್ಕಡಿಯಿಂದ ಕುರ್ಚಿಗೆ ಮೂರು ಹೆಜ್ಜೆ. ಮೊದಲ ಹೆಜ್ಜೆಯಲ್ಲಿ ಅವಳು ಅವನ ಕಿವಿ ಹಿಡಿದು ಆಡುತ್ತಿದ್ದಳು. ಎರಡನೆಯದರಲ್ಲಿ ತಾಯಿಯ ಚಾಚಿದ ಕೈಗಳನ್ನು ನೋಡಿದಳು, ಕೆಳಗೆ ನೆಲವನ್ನು ನೋಡಿದಳು, ಇಲ್ಲಿ ಗೆರೆಯಿರಲಿಲ್ಲ. ಆದರೂ “ಉಫ್” ಅಂದಳು. “ಅಮ್ಮ ಉಫ್” ಎಂದು ಅವನ ಕಾಲರನ್ನು ಮುಷ್ಟಿಯಲ್ಲಿ ಹಿಡಿದು ಮುಖವನ್ನು ಅವನ ಕತ್ತಿಗೆ ಒತ್ತಿದಳು. ಎಷ್ಟು ದಿನದಿಂದ ಹಾತೊರೆದದ್ದು! ಆ ಬಿಸಿ ಉಸಿರು, ಬಾಳೆಹಣ್ಣಿನ ವಾಸನೆ, ಎದೆಗೆ ಒದೆಯುವ ಆ ಪುಟ್ಟ ಮಂಡಿ. ಅವನ ಮೈಯೆಲ್ಲ ಒಮ್ಮೆ ಬೆಳಗಿತು. ಅವಳ ತಲೆಯ ಮೇಲಿನಿಂದ ಹೆಂಡತಿಯ ಮುಖ ಕಂಡಿತು. ಚಾಚಿದ ಕೈಗಳು ಹಾಗೆಯೇ ಇದ್ದವು, ಏನು ಮಾಡುವುದೆಂದು ತಿಳಿಯದೆ ಬೆರಳು ಮಾತ್ರ ಸ್ವಲ್ಪ ಮಡಚಿಕೊಂಡಿದ್ದವು. ಎರಡು ವರ್ಷ ತಾನು ಬಾಗಿಲಲ್ಲಿ ಬ್ಯಾಗು ಇಳಿಸಿ ಹೀಗೆಯೇ ನಿಲ್ಲುತ್ತಿದ್ದೆನೇ? ತನ್ನ ಮುಖವೂ ಹೀಗೆ ಕಾಣುತ್ತಿತ್ತೇ?

“ಉಫ್ ಹೋಯ್ತು,” ಅವನು ಮಗುವಿನ ಕಿವಿಯಲ್ಲಿ ಹೇಳಿದ. “ಅಮ್ಮಂಗೆ ಉಫ್ ಇಲ್ಲ.” ಅವಳು ನಂಬಲಿಲ್ಲ. ಅಪ್ಪ ಕಲಿಸಿದ ಪಾಠವನ್ನು ಅಪ್ಪನ ಮಾತಿಗೂ ಬಿಡಲೊಲ್ಲಳು. ಅವನು ಕಾಲರಿನಿಂದ ಅವಳ ಬೆರಳುಗಳನ್ನು ಬಿಡಿಸಬೇಕಾಯಿತು. ಒಂದು ಬಿಡಿಸಿದರೆ ಇನ್ನೊಂದು ಹಿಡಿಯುತ್ತಿತ್ತು. ಐದೂ ಬಿಡಿಸಿ, ಕಿರುಚುತ್ತಿದ್ದವಳನ್ನು ತಾಯಿಯ ತೊಡೆಯ ಮೇಲಿಟ್ಟ. ಹೆಂಡತಿ ಒಮ್ಮೆ ಹಲ್ಲು ಕಚ್ಚಿ, ಆಮೇಲೆ ಎರಡೂ ತೋಳುಗಳಿಂದ ಸುತ್ತಿಕೊಂಡಳು. ಮಗು ಬಿಲ್ಲಿನಂತೆ ಹಿಂದಕ್ಕೆ ಬಾಗಿ ಅವನ ಕಡೆ ಕೈಚಾಚಿ ಅರಚಿತು.

“ನೀವು ಹೊರಗೆ ಹೋಗಿ,” ಹೆಂಡತಿ ಹೇಳಿದಳು. ಅಳುವಿನ ಮೇಲೆ ದನಿಯೇರಿಸಿ ಮತ್ತೆ ಹೇಳಿದಳು, “ಹೋಗ್ರೀ, ನೀವು ಕಣ್ಣಿಗೆ ಕಾಣ್ತಾ ಇರೋ ತನಕ ಅವಳು ಅಳು ಬಿಡಲ್ಲ.”

ಅವನು ಬರಿಗಾಲಲ್ಲಿ ಹೊರಗೆ ಬಂದು, ಬಾಗಿಲೆಳೆದುಕೊಂಡು, ಮೆಟ್ಟಿಲ ಮೇಲೆ ನಿಂತ. ಅಳು ಬಾಗಿಲನ್ನು ಲೆಕ್ಕಿಸದೆ ಹೊರಗೂ ಬರುತ್ತಿತ್ತು. ನಿಲ್ಲಲಿ ಎಂದುಕೊಂಡ, ನಿಲ್ಲದಿರಲಿ ಎಂದುಕೊಂಡ. ಎರಡನ್ನೂ ಒಂದೇ ಉಸಿರಿನಲ್ಲಿ ಬಯಸಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು. ಕೆಳಮನೆಯ ಬಸ್ ಡ್ರೈವರ್ ರಾತ್ರಿ ಪಾಳಿ ಮುಗಿಸಿ, ಟವೆಲ್ ಹೆಗಲಿಗೆ ಹಾಕಿಕೊಂಡು, ಬಟ್ಟೆ ಒಣಹಾಕಲು ಬಕೆಟ್ ಹಿಡಿದು ತಾರಸಿಗೆ ಹತ್ತುತ್ತಿದ್ದವನು ನಿಂತ. “ಏನ್ ತೂಕದ ಸಾಹೇಬ್ರೇ, ಬರಿಗಾಲಲ್ಲಿ? ಮನೆಯಿಂದ ಆಚೆ ಹಾಕಿದ್ರಾ?”

“ಹೂಂ,” ಅಂದ.

ಡ್ರೈವರ್ ನಗಲು ಹೋಗಿ, ಅವನ ಮುಖ ನೋಡಿ ನಿಲ್ಲಿಸಿದ. “ಮಗು ಯಾರ ಹತ್ರ?”

“ಅವರಮ್ಮ ಎತ್ಕೊಂಡಿದ್ದಾಳೆ.”

“ಓಹೋ! ಅಷ್ಟು ಹುಷಾರಾದ್ರಾ? ಒಳ್ಳೇದಾಯ್ತು ಬಿಡಿ.” ಬಕೆಟ್ಟನ್ನು ಕೈ ಬದಲಿಸಿದ. “ನೀವು ಪಟ್ಟ ಪಾಡು ನಾವೂ ನೋಡಿದ್ದೀವಿ. ಇನ್ನಾದ್ರೂ ಕಾಲು ಚಾಚಿ ಕೂತ್ಕೊಳ್ಳಿ.”

ಅಳು ತಗ್ಗಿತು. ಬಿಕ್ಕಳಿಕೆಯಾಯಿತು. ನಡುವೆ ಹೆಂಡತಿಯ ದನಿ, ಮಾತು ಬಿಡಿಬಿಡಿಯಾಗಿ ಕೇಳಿಸದಷ್ಟು ಸಣ್ಣಗೆ, ಯಾವುದೋ ಕ್ಲಿಪ್ಪಿನ, ಯಾವುದೋ ಗುಡ್ಡದ ಕತೆ. ಆಮೇಲೆ ಸದ್ದಿಲ್ಲ. ಅವನ ಕೈ ಚಿಲಕದ ಮೇಲಿತ್ತು. ಅಷ್ಟರಲ್ಲಿ ಒಳಗಿನಿಂದ, ಅತ್ತು ದಪ್ಪವಾದ ಗಂಟಲಿನಿಂದ, “ಅಪ್ಪಾ?” ಎಂದಿತು.

ಅದು ಅಳುವಾಗಿರಲಿಲ್ಲ, ಕರೆಯಾಗಿತ್ತು. ಇದ್ದೀಯಾ ಎಂದು ಕೇಳುವ ಕರೆ. ಓ ಅಂದರೆ ಸಾಕಿತ್ತು. ಬುಗುರಿ ತಾಯಿಯ ತೊಡೆಯಿಂದ ಜಾರಿ ಓಡಿಬಂದು ಬಾಗಿಲಿಗೆ ಹಣೆಯಿಡುತ್ತಿದ್ದಳು. ಅವನಿಗೆ ಬೇಕಾದದ್ದು ಅಷ್ಟೇ ಅಲ್ಲವೇ. ಅವನು ಚಿಲಕದಿಂದ ಕೈ ತೆಗೆದ.

“ಅಪ್ಪಾ?”

“ಕರೀತಿದೆಯಲ್ಲ ಸಾಹೇಬ್ರೇ,” ಡ್ರೈವರ್ ಮೇಲಿನ ಮೆಟ್ಟಿಲಿಂದ ತಿರುಗಿ ಹೇಳಿದ.

ಅವನು ತುಟಿಯ ಮೇಲೆ ಬೆರಳಿಟ್ಟ. ಡ್ರೈವರ್ ಏನೂ ಅರ್ಥವಾಗದೆ ಅಲ್ಲೇ ನಿಂತ. ಬಕೆಟ್ಟಿನ ಒದ್ದೆ ಬಟ್ಟೆಯಿಂದ ನೀರು ಮೆಟ್ಟಿಲಿಗೆ ತೊಟ್ಟಿಕ್ಕುತ್ತಿತ್ತು. ಅವನು ತಾನು ಇಲ್ಲಿರುವುದು ಒಳಗೆ ತಿಳಿಯದಿರಲೆಂದು ಉಸಿರು ಬಿಗಿಹಿಡಿದು, ಬಾಗಿಲಿನ ಮರಕ್ಕೆ ಕಿವಿ ತಾಗಿಸಿ ಕಾದ. ಮೂರನೆಯ ಸಲ ಅವಳು ಕರೆಯಲಿಲ್ಲ.